ಇ-ಸ್ಪೋರ್ಟ್ಸ್‌ನಲ್ಲಿ ಅನ್ಯಾಯವಾದರೆ ದೂರು ಕೊಡುವುದು ಯಾರಿಗೆ?

ಗಣಿತ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮಗನಿಗೆ ಹದಿನೇಳು ವರ್ಷ, ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಅವನೂ ಅವನ ಮೂವರು ಗೆಳೆಯರೂ ಸೇರಿ ಮೊಬೈಲಿನಲ್ಲಿ ಆಡುವ ಶೂಟಿಂಗ್ ಗೇಮ್ ಒಂದಕ್ಕೆ ತಂಡ ಕಟ್ಟಿಕೊಂಡಿದ್ದಾರೆ. ಹೀಗೆ ವಿಡಿಯೊ ಗೇಮ್‌ಗಳನ್ನು ಸ್ಪರ್ಧೆಯಾಗಿ ಆಡುವುದಕ್ಕೆ ಇ-ಸ್ಪೋರ್ಟ್ಸ್ ಎನ್ನುತ್ತಾರೆ. ಓದಿಗೆ ತೊಂದರೆಯಾಗದ ಹಾಗೆ ಸಮಯ ಹಂಚಿಕೊಂಡಿರುವುದರಿಂದ ನಾನು ಅಡ್ಡಿ ಮಾಡಿಲ್ಲ. ಎದುರಾಳಿ ತಂಡಗಳ ಹಳೆಯ ಪಂದ್ಯಗಳನ್ನು ನೋಡಿ, ಯಾರು ಎಲ್ಲಿ ಇಳಿಯುತ್ತಾರೆ, ಯಾವಾಗ ಸ್ಥಳ ಬದಲಿಸುತ್ತಾರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವ ಅವನ ಶ್ರದ್ಧೆಯನ್ನು ಕಂಡ ಮೇಲೆ ಇದನ್ನು ಬರೀ ಕಾಲಹರಣ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

2025ರ ಮೇ ತಿಂಗಳಲ್ಲಿ ಈ ಹುಡುಗರು ಒಂದು ಟೂರ್ನಿಗೆ ಹೆಸರು ಕೊಟ್ಟರು. ತಂಡಕ್ಕೆ 500 ರೂಪಾಯಿ ಪ್ರವೇಶ ಶುಲ್ಕ. ಅರ್ಹತಾ ಸುತ್ತುಗಳು ಆನ್‌ಲೈನಿನಲ್ಲಿ ನಡೆದವು, ಕೊನೆಯ ಸುತ್ತು ಬೆಂಗಳೂರಿನ ಸಭಾಂಗಣವೊಂದರಲ್ಲಿ. ಇವರಿಗೆ ಎರಡನೆಯ ಸ್ಥಾನ ಬಂತು. 60,000 ರೂಪಾಯಿ ಎಂದು ಬರೆದ ದೊಡ್ಡ ಚೆಕ್ಕಿನ ಹಲಗೆಯನ್ನು ಕೈಗೆ ಕೊಟ್ಟು ಫೋಟೊ ತೆಗೆಸಿದರು. ನಲವತ್ತೈದು ದಿನಗಳಲ್ಲಿ ಹಣ ಖಾತೆಗೆ ಬರುತ್ತದೆ ಎಂದವರು ಮೂರು ತಿಂಗಳು ನೆಪ ಹೇಳಿ, ಆಮೇಲೆ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿದ್ದ ಟೂರ್ನಿಯ ಗುಂಪನ್ನೇ ಅಳಿಸಿಹಾಕಿದರು. ಈ ನಡುವೆ ಇನ್ನೊಂದು ಸಂಸ್ಥೆ ಮಗನಿಂದ ಮೂರು ವರ್ಷದ ಒಪ್ಪಂದವೊಂದಕ್ಕೆ ಮೊಬೈಲಿನಲ್ಲೇ ಸಹಿ ಹಾಕಿಸಿಕೊಂಡಿದೆ. ಅವಧಿಗೆ ಮೊದಲೇ ತಂಡ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕಂತೆ.

ನಾನು ಓಡಾಡಿದ ಕಡೆಯಲ್ಲೆಲ್ಲ ಒಂದೊಂದು ಬಗೆಯ ಉತ್ತರ ಸಿಕ್ಕಿತು. ಒಂದು ಕಚೇರಿಯವರು ಇದು ಕ್ರೀಡೆಯ ಪಟ್ಟಿಯಲ್ಲಿಲ್ಲ ಎಂದರು, ಇನ್ನೊಂದು ಕಡೆ ಇದು ಜೂಜಲ್ಲವೇ ಎಂದು ಕೇಳಿದರು, ಆಟವನ್ನು ತಯಾರಿಸಿದ ಕಂಪನಿಯವರು ಹೊರಗಿನವರು ನಡೆಸುವ ಟೂರ್ನಿಗೆ ತಾವು ಹೊಣೆಯಲ್ಲ ಎಂದು ಬರೆದರು. ನನ್ನ ಪ್ರಶ್ನೆ ಇಷ್ಟೇ: ಖೋ ಖೋ ಪಂದ್ಯದಲ್ಲಿ ಮೋಸವಾದರೆ ತಾಲ್ಲೂಕಿನಿಂದ ರಾಜ್ಯದವರೆಗೆ ಯಾರನ್ನು ಕೇಳಬೇಕೆಂದು ನನಗೆ ಗೊತ್ತು. ಈ ಆಟಕ್ಕೆ ಅಂಥ ಒಬ್ಬರು ಯಾರಾದರೂ ಇದ್ದಾರೆಯೇ?

ಧಾರವಾಡದ ವಕೀಲ

ಮೇಡಂ, ನಿಮ್ಮ ಎರಡೂ ವ್ಯವಹಾರಗಳಿಗೆ ಕಾನೂನಿನಲ್ಲಿ ದಾರಿ ಇದೆ, ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಕಚೇರಿಗಳವರು ಏಕೆ ಹಾಗೆ ಗೊಂದಲಗೊಂಡರು ಎಂಬುದನ್ನು ವಿವರಿಸಬೇಕು, ಏಕೆಂದರೆ ಆ ಗೊಂದಲ ಅವರದೊಂದೇ ಅಲ್ಲ.

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆ ಮತ್ತು ಮನರಂಜನೆ ರಾಜ್ಯ ಪಟ್ಟಿಯ 33ನೆಯ ಬಾಬಿನಲ್ಲಿವೆ; ಪಣ ಮತ್ತು ಜೂಜು 34ನೆಯ ಬಾಬಿನಲ್ಲಿವೆ. ಹಾಗಾಗಿ ಬಹಳ ಕಾಲ ಆನ್‌ಲೈನ್ ಆಟಗಳ ವಿಚಾರವನ್ನು ರಾಜ್ಯಗಳೇ ಜೂಜಿನ ಕಣ್ಣಿನಿಂದ ನೋಡುತ್ತ ಬಂದವು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ನಿಷೇಧಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಅನೂರ್ಜಿತಗೊಳಿಸಿತು. ಕೌಶಲದ ಆಟ ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1957ರಿಂದಲೂ ಹೇಳುತ್ತ ಬಂದಿರುವುದೇ ಅದಕ್ಕೆ ಆಧಾರವಾಗಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಲಸವನ್ನು ಎರಡಾಗಿ ಹಂಚಿತು. ಬಹುಕ್ರೀಡಾ ಕೂಟಗಳ ಭಾಗವಾಗಿ ನಡೆಯುವ ಇ-ಸ್ಪೋರ್ಟ್ಸ್ ಕ್ರೀಡಾ ಇಲಾಖೆಗೆ, ಉಳಿದ ಆನ್‌ಲೈನ್ ಗೇಮಿಂಗ್ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ. ಅಂದರೆ ಏಷ್ಯನ್ ಗೇಮ್ಸ್‌ನಲ್ಲಿ ಆಡಿದರೆ ಒಂದು ಇಲಾಖೆ, ಅದೇ ಆಟವನ್ನು ಬೆಂಗಳೂರಿನ ಸಭಾಂಗಣದಲ್ಲಿ ಆಡಿದರೆ ಇನ್ನೊಂದು ಇಲಾಖೆ.

ಇದಾದ ಮೇಲೆ ಬಂದದ್ದು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ. ಲೋಕಸಭೆಯಲ್ಲಿ 2025ರ ಆಗಸ್ಟ್ 20ರಂದು, ರಾಜ್ಯಸಭೆಯಲ್ಲಿ ಮರುದಿನ ಅಂಗೀಕಾರವಾಗಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಮೂರು ದಿನ! ಇಷ್ಟು ದೊಡ್ಡ ಉದ್ಯಮವನ್ನು ಮುಟ್ಟುವ ಕಾನೂನಿಗೆ ಇನ್ನಷ್ಟು ಚರ್ಚೆ ಬೇಕಿತ್ತು ಎಂದು ನಾನು ದೃಢವಾಗಿ ನಂಬಿದ್ದೇನೆ. ಅದು ಹಣದ ಆಟಗಳನ್ನು ಪೂರ್ತಿ ನಿಷೇಧಿಸುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಸೆರೆವಾಸ, 50 ಲಕ್ಷದವರೆಗೆ ದಂಡ. ಆಡುವವರಿಗೆ ಶಿಕ್ಷೆಯಿಲ್ಲ. ಇದೇ ಕಾಯ್ದೆ ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ಗುರುತಿಸಿ ಪ್ರೋತ್ಸಾಹಿಸಬೇಕೆಂದೂ ಹೇಳುತ್ತದೆ. ಇದನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲೊಂದು ನಮ್ಮ ಹೈಕೋರ್ಟಿಗೇ ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟುಗಳ ಅರ್ಜಿಗಳನ್ನು ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಟೂರ್ನಿ ನಡೆಸುವ ಪ್ರತಿಯೊಬ್ಬರೂ ಗಮನಿಸಬೇಕಾದದ್ದು. ಗೆಲ್ಲುವ ನಿರೀಕ್ಷೆಯಿಂದ ಶುಲ್ಕ ಕಟ್ಟಿ ಆಡುವ ಆಟವೆಲ್ಲ, ಕೌಶಲದ್ದಾದರೂ, ಹಣದ ಆಟವೇ. ಇ-ಸ್ಪೋರ್ಟ್ಸ್ ಮಾತ್ರ ಅದಕ್ಕೆ ಹೊರತು. ಇ-ಸ್ಪೋರ್ಟ್ಸ್ ಅನ್ನಿಸಿಕೊಳ್ಳಬೇಕಾದರೆ ಆಟವು ಬಹುಕ್ರೀಡಾ ಕೂಟದ ಭಾಗವಾಗಿ ಆಡಲ್ಪಡುವಂಥದ್ದಾಗಿರಬೇಕು, 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಡಿ ಮಾನ್ಯತೆ ಪಡೆದಿರಬೇಕು, ಈ ಗೇಮಿಂಗ್ ಕಾಯ್ದೆಯಡಿಯ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ಪ್ರವೇಶ ಶುಲ್ಕವನ್ನೂ ಬಹುಮಾನವನ್ನೂ ಕಾಯ್ದೆ ಒಪ್ಪುತ್ತದೆ, ಆದರೆ ಆ ಬೇಲಿಯ ಒಳಗಿರುವವರಿಗೆ ಮಾತ್ರ. 500 ರೂಪಾಯಿ ಶುಲ್ಕ ಪಡೆದು ಬಹುಮಾನ ಕೊಡುವ ಜಿಲ್ಲಾ ಮಟ್ಟದ ಟೂರ್ನಿ, ಆಡುತ್ತಿರುವ ಗೇಮ್‌ಗೆ ಆ ಮಾನ್ಯತೆ ಇಲ್ಲದಿದ್ದರೆ, ಬೇಲಿಯ ಯಾವ ಕಡೆ ನಿಲ್ಲುತ್ತದೆ? ಅಕ್ಷರಶಃ ಓದಿದರೆ ಹೊರಗೆ. ಕಾಯ್ದೆ ತಂದವರ ಉದ್ದೇಶ ಅದಾಗಿರಲಾರದು. ಆದರೂ ಓದಿಗೆ ಸಿಕ್ಕುವುದು ಉದ್ದೇಶವಲ್ಲ, ಪದಗಳು. ನಿಮ್ಮ ಮಗನ ಟೂರ್ನಿ ನಡೆದದ್ದು ಈ ಕಾಯ್ದೆಗೂ ಮೊದಲು, ಆದ್ದರಿಂದ ನಿಮಗೆ ಈ ತೊಡಕಿಲ್ಲ.

ಲ್ಯಾನ್ ಕಾಲದ ಆಟಗಾರ

ವಕೀಲರು ಹೇಳಿದ್ದು ದೆಹಲಿಯ ಮಾತು. ನಾನು ಸೈಬರ್ ಕೆಫೆಗಳಲ್ಲಿ ಕಂಪ್ಯೂಟರ್‌ಗಳನ್ನು ಜೋಡಿಸುವ ಲ್ಯಾನ್ ಕೇಬಲ್ ಎಳೆದು ಕೌಂಟರ್-ಸ್ಟ್ರೈಕ್ ಎಂಬ ಶೂಟಿಂಗ್ ಗೇಮ್ ಆಡಿದವನು, ಆಮೇಲೆ ಕೆಲವು ವರ್ಷ ಟೂರ್ನಿಗಳಲ್ಲಿ ಅಡ್ಮಿನ್ ಆಗಿ, ಅಂದರೆ ಪಂದ್ಯ ನಡೆಸಿಕೊಡುವವನಾಗಿ, ಕೆಲಸ ಮಾಡಿದವನು. ಕಣದಲ್ಲಿ ಆಳುವವರು ಬೇರೆಯೇ ಇದ್ದಾರೆ ಮೇಡಂ.

ಖೋ ಖೋಗೆ ಮಾಲೀಕರಿಲ್ಲ. ಹತ್ತು ಜನ ಬಯಲಿಗಿಳಿದು ಎರಡು ಕಂಬ ನೆಟ್ಟರೆ ಆಟ ಶುರು. ಗೇಮ್‌ಗೆ ಮಾಲೀಕರಿದ್ದಾರೆ. ಮೈದಾನ, ಚೆಂಡು, ನಿಯಮ, ಅಂಕಪಟ್ಟಿ, ಕೊನೆಗೆ ಆಟಗಾರನ ಗುರುತು, ಅಂದರೆ ಅವನ ಐಡಿ, ಎಲ್ಲವೂ ಒಂದೇ ಕಂಪನಿಯ ಸರ್ವರ್‌ನಲ್ಲಿದೆ. ಆ ಐಡಿಯನ್ನು ಕಂಪನಿ ಬ್ಯಾನ್ ಮಾಡಿದರೆ ಯಾವ ಒಕ್ಕೂಟವೂ ಅವನನ್ನು ಆಡಿಸಲಾರದು. ಹೊರಗಿನವರು ಟೂರ್ನಿ ನಡೆಸಬೇಕಾದರೂ ಕಂಪನಿಯ ಪರವಾನಗಿ ಬೇಕು. ಸಣ್ಣ ಟೂರ್ನಿಗಳಿಗೆ ಹಲವು ಕಂಪನಿಗಳು ಸಾಮಾನ್ಯ ಷರತ್ತುಗಳನ್ನು ಪ್ರಕಟಿಸಿ ಕೈತೊಳೆದುಕೊಳ್ಳುತ್ತವೆ. ನಿಮ್ಮ ಮಗನ 60,000 ಸಿಕ್ಕಿಬಿದ್ದಿರುವುದು ಸರಿಯಾಗಿ ಆ ಸಂದಿಯಲ್ಲಿ.

ಶಿಕ್ಷೆಯ ವಿಚಾರದಲ್ಲೂ ಇದೇ ಕಥೆ. 2014ರಲ್ಲಿ ಅಮೆರಿಕದ ಐಬೈಪವರ್ ಎಂಬ ಕೌಂಟರ್-ಸ್ಟ್ರೈಕ್ ತಂಡದವರು ಪಂದ್ಯವೊಂದನ್ನು ಬೇಕೆಂದೇ ಸೋತರು. 2015ರ ಜನವರಿಯಲ್ಲಿ ಆಟದ ಒಡೆತನದ ವಾಲ್ವ್ ಕಂಪನಿ ಭಾಗಿಗಳನ್ನು ತನ್ನ ಟೂರ್ನಿಗಳಿಂದ ಹೊರಗಿಟ್ಟಿತು. 2017ರಲ್ಲಿ ಇಎಸ್ಎಲ್ ಎಂಬ ದೊಡ್ಡ ಆಯೋಜಕ ಸಂಸ್ಥೆ ತನ್ನ ಕಡೆಯ ನಿಷೇಧವನ್ನು ತೆಗೆದುಹಾಕಿತು, ವಾಲ್ವ್ ತೆಗೆಯಲಿಲ್ಲ. ಒಂದೇ ತಪ್ಪು, ಒಂದೇ ಆಟ, ಒಂದು ಟೂರ್ನಿಯಲ್ಲಿ ಆಡಬಹುದು, ಇನ್ನೊಂದರಲ್ಲಿ ಆಡಬಾರದು.

ಇಂಥ ಒಡಕುಗಳ ನಡುವೆ 2016ರಲ್ಲಿ ಹುಟ್ಟಿದ ಎಸಿಕ್ ಎಂಬ ಇ-ಸ್ಪೋರ್ಟ್ಸ್ ಪ್ರಾಮಾಣಿಕತಾ ಆಯೋಗ ಸ್ವಲ್ಪ ಕೆಲಸ ಮಾಡಿದೆ ಎಂದು ನಾನು ಗೌರವದಿಂದಲೇ ಹೇಳುತ್ತೇನೆ. 2018ರಲ್ಲಿ ಶಾಂಘೈನ ಟೂರ್ನಿಯಲ್ಲಿ ನಮ್ಮ ದೇಶದ ಆಟಗಾರನೊಬ್ಬ ಗುರಿ ಹಿಡಿಯಲು ಸಹಾಯ ಮಾಡುವ ಹ್ಯಾಕ್ ಅನ್ನು ವರ್ಡ್ ಕಡತದ ಹೆಸರಿನಲ್ಲಿ ಬಚ್ಚಿಟ್ಟುಕೊಂಡು ಆಡುವಾಗ ಸಿಕ್ಕಿಬಿದ್ದ. ಅವನಿಗೆ ಐದು ವರ್ಷ ನಿಷೇಧ ಹಾಕಿದ್ದು ಎಸಿಕ್. ಅವನ ತಂಡವೇ ವಿಸರ್ಜನೆಯಾಯಿತು. ತಪ್ಪು ಮಾಡದ ಜೊತೆಗಾರರು ಕೂಡ ಬೀದಿಗೆ ಬಿದ್ದರು. ಆ ರಾತ್ರಿ ನಮ್ಮಂಥವರಿಗೆ ಆದ ಅವಮಾನ ಇನ್ನೂ ಮರೆತಿಲ್ಲ. 2020ರಲ್ಲಿ ಆಟದ ದೋಷವೊಂದನ್ನು ಬಳಸಿ ಎದುರಾಳಿಗಳ ಚಲನವಲನ ನೋಡಿದ್ದಕ್ಕೆ ಇದೇ ಆಯೋಗ 37 ಕೋಚ್‌ಗಳನ್ನು ಶಿಕ್ಷಿಸಿತು. ಆದರೆ ಅದರ ಮಾತು ನಡೆಯುವುದು ಅದನ್ನು ಒಪ್ಪಿಕೊಂಡ ಆಯೋಜಕರ ಟೂರ್ನಿಗಳಲ್ಲಿ ಮಾತ್ರ. ಅದು ನ್ಯಾಯಾಲಯವಲ್ಲ, ಒಪ್ಪಂದದಿಂದ ಬಂದ ಪಂಚಾಯ್ತಿ.

ಸರ್ಕಾರ ಮಾಡುವ ಏಕೈಕ ಪರಿಣಾಮಕಾರಿ ಕೆಲಸವೆಂದರೆ ಆಟವನ್ನೇ ಮುಚ್ಚುವುದು. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ಹೋಯಿತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ಹೋಯಿತು. ಪಬ್ಜಿಯ ಭಾರತೀಯ ರೂಪವಾಗಿ 2021ರ ಜುಲೈನಲ್ಲಿ ಬಂದ ಬಿಜಿಎಂಐ 2022ರ ಜುಲೈ ಕೊನೆಗೆ ಮಾಯವಾಗಿ, 2023ರ ಮೇನಲ್ಲಿ ಮರಳಿತು. ಮರಳುವಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂಬ ಮಿತಿ ಹೊತ್ತು ತಂದಿತು. ಆ ಹತ್ತು ತಿಂಗಳು ಸಂಬಳ ನಿಂತ ಹುಡುಗರನ್ನು ನಾನು ಬಲ್ಲೆ. ದೇಶದ ಭದ್ರತೆಯ ಪ್ರಶ್ನೆ ದೊಡ್ಡದೇ ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆಟವನ್ನು ಮುಚ್ಚುವಾಗ ಆಟಗಾರನ ಪರವಾಗಿ ಒಂದು ಮಾತು ಆಡಲು ಯಾರಿಗೂ ಅಧಿಕಾರವಿರಲಿಲ್ಲ ಎಂಬುದನ್ನು ಹೇಳಲೇಬೇಕು.

ಕಬಡ್ಡಿ ಮೇಷ್ಟ್ರು

ನಾನು ದೈಹಿಕ ಶಿಕ್ಷಣ ಶಿಕ್ಷಕನಾಗಿ ನಿವೃತ್ತನಾದವನು. ಮೇಡಂ ಕೇಳಿದ ಹಾಗೆ ದೂರು ಕೇಳಲು ಒಕ್ಕೂಟವೊಂದು ಗಟ್ಟಿಯಾಗಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಅನ್ನಿಸಬಹುದು. ಒಕ್ಕೂಟ ಇರುವ ಆಟದಲ್ಲೇ ಜೀವಮಾನ ಕಳೆದವನಾಗಿ ಹೇಳುತ್ತೇನೆ, ಅದು ಸಾಲದು. ನಮ್ಮ ಕಬಡ್ಡಿಯ ರಾಷ್ಟ್ರೀಯ ಒಕ್ಕೂಟದ ಆಡಳಿತವನ್ನು 2018ರಲ್ಲಿ ದೆಹಲಿ ಹೈಕೋರ್ಟ್ ಆಡಳಿತಾಧಿಕಾರಿಯ ಕೈಗೆ ಒಪ್ಪಿಸಬೇಕಾಯಿತು. ಮಣ್ಣಿನ ಆಟಕ್ಕೇ ಹೀಗಾದರೆ ಸರ್ವರ್‌ನಲ್ಲಿರುವ ಆಟಕ್ಕೆ ಏನಾದೀತು?

ಆದರೂ ಇದನ್ನು ಕ್ರೀಡೆ ಎನ್ನಬಾರದು ಎಂಬ ಹಳೆಯ ವಾದವನ್ನು ನಾನು ಕೈಬಿಟ್ಟಿದ್ದೇನೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿತ್ತು, ನಮ್ಮ ತೀರ್ಥ್ ಮೆಹ್ತಾ ಹಾರ್ತ್‌ಸ್ಟೋನ್ ಎಂಬ ಆಟದಲ್ಲಿ ಕಂಚು ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಪದಕಕ್ಕೇ ಸ್ಪರ್ಧೆ ನಡೆಯಿತು. ಸ್ಟ್ರೀಟ್ ಫೈಟರ್‌ನಲ್ಲಿ ಚಿನ್ನ ಗೆದ್ದ ಕೊರಿಯಾದ ಆಟಗಾರನಿಗೆ ಆಗ 44 ವರ್ಷ. ಆ ವಯಸ್ಸಿನಲ್ಲಿ ಅಂಥ ಬೆರಳಿನ ಚುರುಕು ಇಟ್ಟುಕೊಂಡವನ ಸಾಧನೆಯನ್ನು ವ್ಯಾಯಾಮ ಶಿಕ್ಷಕನಾದ ನಾನು ಹೇಗೆ ಅಲ್ಲಗಳೆಯಲಿ?

ನನಗೆ ನೋವು ತಂದದ್ದು ಬೇರೆ ಸಂಗತಿ. ಹಾಂಗ್‌ಝೌಗೆ ಎಂಟು ಆಟಗಳನ್ನು ಮೊದಲು ಆರಿಸಿದ್ದರು, ಅದರಲ್ಲಿ ಹಾರ್ತ್‌ಸ್ಟೋನ್ ಕೂಡ ಇತ್ತು. ನಮ್ಮ ದೇಶದವರು ಅದಕ್ಕೆ ಅರ್ಹತೆ ಪಡೆದಿದ್ದರು. ಅಷ್ಟರಲ್ಲಿ ಆಟದ ಒಡೆಯರಾದ ಬ್ಲಿಝಾರ್ಡ್‌ಗೂ ಚೀನಾದಲ್ಲಿ ಅದನ್ನು ನಡೆಸುತ್ತಿದ್ದ ನೆಟ್‌ಈಸ್‌ಗೂ ಇದ್ದ ಒಪ್ಪಂದ 2023ರ ಜನವರಿಯಲ್ಲಿ ಮುಗಿಯಿತು, ಚೀನಾದಲ್ಲಿ ಸರ್ವರ್‌ಗಳು ನಿಂತವು, ಆಟವನ್ನು ಪಟ್ಟಿಯಿಂದಲೇ ತೆಗೆದರು. ಎರಡು ಕಂಪನಿಗಳ ಕರಾರು ಮುಗಿದದ್ದಕ್ಕೆ ಮೂರನೆಯ ದೇಶದ ಆಟಗಾರನ ಪದಕದ ಆಸೆ ಮುಗಿಯಿತು. ಎತ್ತರ ಜಿಗಿತದ ಕಂಬವನ್ನು ತಯಾರಿಸಿದವನು ಜಗಳವಾಡಿದ ಎಂದು ಎತ್ತರ ಜಿಗಿತವನ್ನೇ ಕೂಟದಿಂದ ತೆಗೆದುಹಾಕಿದ್ದನ್ನು ನಾನು ಎಲ್ಲೂ ಕಂಡಿಲ್ಲ.

ಒಲಿಂಪಿಕ್ ಸಮಿತಿಗೂ ಇದು ಬಗೆಹರಿಯಲಿಲ್ಲ. 2024ರಲ್ಲಿ ಸೌದಿ ಅರೇಬಿಯಾ ಜೊತೆ ಹನ್ನೆರಡು ವರ್ಷದ ಪಾಲುದಾರಿಕೆ ಘೋಷಿಸಿ, 2027ಕ್ಕೆ ರಿಯಾದ್‌ನಲ್ಲಿ ಮೊದಲ ಒಲಿಂಪಿಕ್ ಇ-ಸ್ಪೋರ್ಟ್ಸ್ ಕೂಟ ಎಂದರು. 2025ರ ಅಕ್ಟೋಬರ್ ಕೊನೆಗೆ ಆ ಪಾಲುದಾರಿಕೆ ಮುಗಿಯಿತು ಎಂದು ಇಬ್ಬರೂ ಪ್ರಕಟಿಸಿದರು.

ಸುವೊನ್ ಕನ್ನಡಿಗ

ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿ ಎಂಜಿನಿಯರ್ ಆಗಿದ್ದೇನೆ. ಇಲ್ಲಿನ ಅನುಭವ ಮೇಡಂ ಅವರ ಎರಡನೆಯ ಪ್ರಶ್ನೆಗೆ, ಅಂದರೆ ಮಗನ ಒಪ್ಪಂದಕ್ಕೆ, ನೇರವಾಗಿ ಸಂಬಂಧಿಸಿದೆ ಎಂದು ಬರೆಯುತ್ತಿದ್ದೇನೆ.

ಇಲ್ಲಿ ಕೆಸ್ಪಾ ಎಂಬ ಇ-ಸ್ಪೋರ್ಟ್ಸ್ ಸಂಘ 2000ದಲ್ಲೇ ಸಂಸ್ಕೃತಿ ಸಚಿವಾಲಯದ ಒಪ್ಪಿಗೆಯೊಂದಿಗೆ ಸ್ಥಾಪನೆಯಾಯಿತು. ಅದಕ್ಕೆ ಬಲವಿತ್ತು. 2010ರಲ್ಲಿ ಸ್ಟಾರ್‌ಕ್ರಾಫ್ಟ್ ಆಟದ ಮ್ಯಾಚ್ ಫಿಕ್ಸಿಂಗ್ ಬಯಲಾದಾಗ ಹನ್ನೊಂದು ಆಟಗಾರರನ್ನು ಜೀವಮಾನ ನಿಷೇಧಿಸಿತು. ಅವರಲ್ಲಿ ಜನ ಹೊತ್ತು ಮೆರೆಸಿದ್ದ ಚಾಂಪಿಯನ್ ಕೂಡ ಇದ್ದ. ಆದರೆ ಅದೇ ವರ್ಷ ಪ್ರಸಾರದ ಹಕ್ಕು ಯಾರದು ಎಂಬ ಜಗಳದಲ್ಲಿ ಈ ಬಲಿಷ್ಠ ಸಂಘವನ್ನು ಬದಿಗಿಟ್ಟು ಆಟದ ಒಡೆಯನಾದ ಬ್ಲಿಝಾರ್ಡ್ ಕಂಪನಿ ಬೇರೊಬ್ಬರಿಗೆ ಹಕ್ಕು ಕೊಟ್ಟಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 2011ರಲ್ಲಿ ರಾಜಿಯಾಯಿತು. ರಾಜಿಯ ಹೊತ್ತಿಗೆ ಆಟ ಯಾರದು ಎಂಬುದರಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ. ಮೇಲೆ ಹೇಳಿದ ಮಾಲೀಕತನದ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸರ್ಕಾರ 2012ರಲ್ಲಿ ಇ-ಸ್ಪೋರ್ಟ್ಸ್ ಉತ್ತೇಜನಕ್ಕೇ ಒಂದು ಕಾನೂನು ತಂದಿತು. ಆದರೆ ಒಂದು ಕೈಯಿಂದ ಉತ್ತೇಜಿಸುತ್ತ ಇನ್ನೊಂದು ಕೈಯಿಂದ ಬಾಗಿಲು ಹಾಕುವುದು ಇಲ್ಲೂ ನಡೆದಿದೆ. ಹದಿನಾರರ ಒಳಗಿನವರು ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಆನ್‌ಲೈನ್ ಆಟ ಆಡಬಾರದು ಎಂಬ ಕಾನೂನು 2011ರಲ್ಲಿ ಜಾರಿಗೆ ಬಂತು. ಯುರೋಪಿನ ಟೂರ್ನಿಗಳು ಇಲ್ಲಿಯ ರಾತ್ರಿ ಹೊತ್ತಿಗೆ ನಡೆಯುವುದರಿಂದ ಹದಿನೈದರ ಪ್ರತಿಭಾವಂತನಿಗೆ ಅದು ನೇರ ಅಡ್ಡಗೋಡೆ. ಹತ್ತು ವರ್ಷದ ನಂತರ, 2022ರ ಜನವರಿಯಿಂದ, ಅದನ್ನು ರದ್ದುಮಾಡಿದರು. ಚೀನಾ ಇದೇ ಕಾಲಕ್ಕೆ ಎದುರು ದಿಕ್ಕಿಗೆ ಹೋಯಿತು: 2021ರಿಂದ ಅಲ್ಲಿ ಹದಿನೆಂಟರ ಒಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು, ಅಷ್ಟೇ.

ಇನ್ನು ಒಪ್ಪಂದದ ವಿಷಯ. 2019ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಡುವ ಗ್ರಿಫಿನ್ ಎಂಬ ತಂಡ, ಇನ್ನೂ ವಯಸ್ಸಿಗೆ ಬಾರದ ಆಟಗಾರನೊಬ್ಬನನ್ನು ಒತ್ತಾಯದಿಂದ ದೀರ್ಘಾವಧಿಯ ಒಪ್ಪಂದಕ್ಕೆ ಒಪ್ಪಿಸಿ ಚೀನಾದ ತಂಡಕ್ಕೆ ಕಳುಹಿಸಲು ನೋಡಿತು ಎಂಬ ಆರೋಪವನ್ನು ಆ ತಂಡದ ಮಾಜಿ ಕೋಚ್ ಬಹಿರಂಗಪಡಿಸಿದರು. ಜನ ಸಿಟ್ಟಿಗೆದ್ದರು, ವಿಷಯ ಸಂಸತ್ತಿನವರೆಗೆ ಹೋಯಿತು. ಅದರ ಫಲವಾಗಿ ಇ-ಸ್ಪೋರ್ಟ್ಸ್ ಆಟಗಾರರಿಗೆ ಸರ್ಕಾರವೇ ಮಾದರಿ ಒಪ್ಪಂದ ಪತ್ರ ಸಿದ್ಧಪಡಿಸುವಂತೆ ಕಾನೂನಿಗೆ ತಿದ್ದುಪಡಿಯಾಯಿತು. ವಯಸ್ಸಿಗೆ ಬಾರದವರಿಗೆ ಪ್ರತ್ಯೇಕ ಮಾದರಿಯಿದೆ. ನನ್ನ ದೃಷ್ಟಿಯಲ್ಲಿ ಪದಕ, ಕ್ರೀಡಾಂಗಣ, ಉತ್ತೇಜನ ನಿಧಿ ಎಲ್ಲಕ್ಕಿಂತ ಆ ಕೆಲವು ಪುಟಗಳ ಒಪ್ಪಂದ ಪತ್ರವೇ ಇಲ್ಲಿನ ಆಡಳಿತ ಆಟಗಾರನಿಗೆ ಕೊಟ್ಟ ದೊಡ್ಡ ಕೊಡುಗೆ. ಗೇಮ್ ಕಂಪನಿಯ ಒಡೆತನವನ್ನು ಮುಟ್ಟದೆ, ಆಟಗಾರನ ಕೈಗೆ ಒಂದು ಕಾಗದ ಕೊಟ್ಟರು.

ಗೇಮ್ ತಯಾರಕ, ಬೆಂಗಳೂರು

ನಾನು ಗೇಮ್ ತಯಾರಿಸುವ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಇಲ್ಲಿ ಕಂಪನಿಗಳನ್ನು ಕುರಿತು ಬಂದ ಮಾತುಗಳಲ್ಲಿ ಬಹುಪಾಲು ಸತ್ಯವೇ, ಆದರೆ ಒಂದು ಬದಿಯದು. ಕಬಡ್ಡಿಯ ನಿಯಮ ವರ್ಷಗಟ್ಟಲೆ ಬದಲಾಗುವುದಿಲ್ಲ. ನಮ್ಮ ಆಟಗಳಲ್ಲಿ ಎರಡು ವಾರಕ್ಕೊಮ್ಮೆ ಒಂದು ಆಯುಧದ ಬಲ ಕುಗ್ಗಿಸುತ್ತೇವೆ, ಒಂದು ನಕ್ಷೆ ಸೇರಿಸುತ್ತೇವೆ. ಅದನ್ನೆಲ್ಲ ಸಮಿತಿಯೊಂದರ ಮುಂದಿಟ್ಟು ಒಪ್ಪಿಗೆಗೆ ಕಾಯುವುದಾದರೆ ಆಟ ಸತ್ತುಹೋಗುತ್ತದೆ. ಹ್ಯಾಕ್ ಹಿಡಿಯುವ ವ್ಯವಸ್ಥೆಯನ್ನೂ ಹೊರಗಿನವರ ಮುಂದೆ ಪೂರ್ತಿ ಬಿಚ್ಚಿಡಲು ಆಗುವುದಿಲ್ಲ. ಹೇಗೆ ಹಿಡಿದೆವು ಎಂದು ವಿವರಿಸಿದ ದಿನವೇ ಹ್ಯಾಕ್ ಮಾರುವವರು ಅದನ್ನು ದಾಟುವ ದಾರಿ ಹುಡುಕುತ್ತಾರೆ. ಇನ್ನು, ಮೋಸ ಹೆಚ್ಚಾದರೆ ಜನ ಆಟ ಬಿಡುತ್ತಾರೆ. ಹಾಗಾಗಿ ಆಟ ಶುದ್ಧವಾಗಿರಬೇಕೆಂಬ ಕಾಳಜಿ ಯಾವ ಒಕ್ಕೂಟಕ್ಕಿಂತಲೂ ಕಂಪನಿಗೇ ಹೆಚ್ಚು.

ಆದರೆ ಅಧಿಕಾರ ಅತಿಯಾದಲ್ಲಿ ಹೊರಗಿನವರು ತಡೆಯಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಅಮೆರಿಕದ ನ್ಯಾಯಾಂಗ ಇಲಾಖೆ 2023ರ ಏಪ್ರಿಲ್‌ನಲ್ಲಿ ಆ್ಯಕ್ಟಿವಿಷನ್ ಬ್ಲಿಝಾರ್ಡ್ ಮೇಲೆ ಮೊಕದ್ದಮೆ ಹೂಡಿತು. ಓವರ್‌ವಾಚ್ ಮತ್ತು ಕಾಲ್ ಆಫ್ ಡ್ಯೂಟಿ ಲೀಗ್‌ಗಳಲ್ಲಿ ಆಟಗಾರರ ಸಂಬಳ ನಿಗದಿತ ಮಟ್ಟ ಮೀರಿದ ತಂಡಗಳಿಗೆ ಕಂಪನಿ ದಂಡ ಹಾಕುತ್ತಿತ್ತು. ಇದು ಸಂಬಳವನ್ನು ತಗ್ಗಿಸುವ ಸ್ಪರ್ಧಾ ವಿರೋಧಿ ಕ್ರಮ ಎಂಬುದು ಇಲಾಖೆಯ ವಾದ. ಅದೇ ದಿನ ಪ್ರಸ್ತಾವಿಸಿದ ರಾಜಿ ತೀರ್ಪಿನಲ್ಲಿ ಕಂಪನಿ ಇನ್ನು ಮುಂದೆ ಹಾಗೆ ಮಾಡದಿರಲು ಒಪ್ಪಿತು. ಗಮನಿಸಿ, ಅದನ್ನು ಮಾಡಿದ್ದು ಕ್ರೀಡಾ ಕಾನೂನಲ್ಲ, ಎಲ್ಲ ಉದ್ಯಮಗಳಿಗೂ ಅನ್ವಯಿಸುವ ಸ್ಪರ್ಧಾ ಕಾನೂನು. ನಮ್ಮಲ್ಲೂ ಆ ಕಾನೂನಿದೆ.

ಲ್ಯಾನ್ ಕಾಲದ ಆಟಗಾರ

ತಯಾರಕರೇ, ಆಯುಧದ ಬಲ ಎಷ್ಟಿರಬೇಕು ಎಂದು ತೀರ್ಮಾನಿಸುವ ಹಕ್ಕನ್ನು ನಿಮ್ಮಿಂದ ಯಾರೂ ಕೇಳುತ್ತಿಲ್ಲ. ಆದರೆ ನಿಯಮ ಬರೆಯುವವನೂ, ಕಾವಲುಗಾರನೂ, ತೀರ್ಪುಗಾರನೂ, ಮೇಲ್ಮನವಿ ಕೇಳುವವನೂ ಒಬ್ಬನೇ ಆಗಬಾರದು. ಆಟಗಾರನ ಐಡಿಯನ್ನು ಬ್ಯಾನ್ ಮಾಡುವುದು ಕಂಪನಿಯೇ ಇರಲಿ. ಆದರೆ ಅದೇ ಅವನ ಹೊಟ್ಟೆಪಾಡಾಗಿದ್ದರೆ, ಮೂರನೆಯವರೊಬ್ಬರು ಸಾಕ್ಷ್ಯವನ್ನು ಗುಟ್ಟಾಗಿಯೇ ನೋಡಿ ಸರಿಯೋ ತಪ್ಪೋ ಹೇಳಲಿ. ತಾಂತ್ರಿಕ ಗುಟ್ಟು ಬಯಲಾಗದ ಹಾಗೆ ವಿಚಾರಣೆ ನಡೆಸುವುದು ಅಸಾಧ್ಯವೇನಲ್ಲ.

ಮನಸ್ಸಿದ್ದರೆ ಕಂಪನಿಗಳೂ ತಮ್ಮ ಅಧಿಕಾರಕ್ಕೆ ತಾವೇ ಮಿತಿ ಹಾಕಿಕೊಳ್ಳಬಲ್ಲವು. ವಾಲ್ವ್ 2023ರಲ್ಲಿ ಹೇಳಿದಂತೆ, 2025ರಿಂದ ಕೌಂಟರ್-ಸ್ಟ್ರೈಕ್ ಟೂರ್ನಿಗಳ ಆಯೋಜಕರಿಗೂ ತಂಡಗಳಿಗೂ ನಡುವೆ ವ್ಯಾಪಾರ ಸಂಬಂಧ ಇರಕೂಡದು, ಆಹ್ವಾನಗಳು ರ‍್ಯಾಂಕಿಂಗ್ ಪ್ರಕಾರವೇ ಹೋಗಬೇಕು, ಬಹುಮಾನ ಮತ್ತು ಇತರ ಪಾವತಿಗಳ ವಿವರ ಬಹಿರಂಗವಾಗಿರಬೇಕು. ಆ ಮೂರನೆಯ ಷರತ್ತನ್ನು ಮೇಡಂ ಅವರ ಮಗ ಆಡಿದ ಟೂರ್ನಿಗೆ ಅನ್ವಯಿಸಿ ನೋಡಿ. ಬಹುಮಾನ ಘೋಷಿಸುವ ಮೊದಲೇ ಅಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡಬೇಕು ಎಂಬ ಒಂದೇ ಒಂದು ನಿಯಮ ನಮ್ಮ ಪ್ರಾಧಿಕಾರದಿಂದ ಬಂದರೆ, ಊರೂರಿನ ಮೋಸದ ಟೂರ್ನಿಗಳಲ್ಲಿ ಮುಕ್ಕಾಲು ಪಾಲು ನಿಂತುಹೋಗುತ್ತವೆ ಎಂದು ಅಡ್ಮಿನ್ ಆಗಿದ್ದ ಅನುಭವದಿಂದ ಹೇಳುತ್ತಿದ್ದೇನೆ.

ಗಣಿತ ಶಿಕ್ಷಕಿ

ಎಲ್ಲರ ಮಾತುಗಳನ್ನೂ ಮಗನ ಜೊತೆ ಕುಳಿತು ಓದಿದೆ. ಮೇಷ್ಟ್ರು ಬರೆದ ಹಾಂಗ್‌ಝೌ ಪ್ರಸಂಗ ಅವನಿಗೆ ಮೊದಲೇ ಗೊತ್ತಿತ್ತಂತೆ; ಅವನು ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೊರಿಯಾದ ಮಾದರಿ ಒಪ್ಪಂದದ ವಿಷಯ ಓದುವಾಗ ಅವನು ತನ್ನ ಒಪ್ಪಂದವನ್ನು ಮೊದಲ ಬಾರಿಗೆ ಪೂರ್ತಿ ಓದಿದ. ಹನ್ನೊಂದು ಪುಟ. ತಂಡದ ಕರ್ತವ್ಯಗಳು ಅರ್ಧ ಪುಟ, ಉಳಿದದ್ದೆಲ್ಲ ಇವನ ಕರ್ತವ್ಯಗಳು. ಇವನು ಯೂಟ್ಯೂಬಿನಲ್ಲಿ ಹಾಕುವ ವಿಡಿಯೊಗಳ ಹಕ್ಕನ್ನೂ ಬರೆಸಿಕೊಂಡಿದ್ದಾರೆ. ವ್ಯಾಜ್ಯವಾದರೆ ಬೇರೆ ರಾಜ್ಯದ ನಗರದಲ್ಲಿ ಮಧ್ಯಸ್ಥಿಕೆ ಎಂದಿದೆ. ವಕೀಲರೇ, ಕೊನೆಗೆ ಹೇಳುತ್ತೇನೆ ಎಂದಿದ್ದಿರಿ. ಆ 2 ಲಕ್ಷದ ಭಯದಿಂದ ಹುಡುಗ ಸರಿಯಾಗಿ ನಿದ್ದೆ ಮಾಡಿಲ್ಲ.

ಧಾರವಾಡದ ವಕೀಲ

ಮೊದಲು ಹುಡುಗ ನಿದ್ದೆ ಮಾಡಲಿ. 1872ರ ಒಪ್ಪಂದ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಒಪ್ಪಂದ ಮಾಡಿಕೊಳ್ಳಲು ವಯಸ್ಕನಾಗಿರಬೇಕು. ಹದಿನೆಂಟು ತುಂಬದವನು ಮಾಡಿಕೊಂಡ ಒಪ್ಪಂದ ಮೊದಲಿನಿಂದಲೇ ಅಸಿಂಧು ಎಂದು 1903ರಲ್ಲೇ ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ, ಅದು ಇಂದಿಗೂ ನಡೆಯುತ್ತಿದೆ. ಆ ಪತ್ರದ ಮೇಲೆ 2 ಲಕ್ಷ ಕೇಳಲು ಅವರಿಗೆ ಆಧಾರವಿಲ್ಲ, ಒಪ್ಪಂದವೇ ನಿಲ್ಲದಿದ್ದಾಗ ಅದರೊಳಗಿನ ಮಧ್ಯಸ್ಥಿಕೆಯ ಷರತ್ತು ಕೂಡ ಅವನನ್ನು ಕಟ್ಟಿಹಾಕದು. ಆದರೆ ಒಂದು ಎಚ್ಚರ: ಹದಿನೆಂಟು ತುಂಬಿದ ಮೇಲೆ ಅವರು ಹೊಸ ಕಾಗದ ತಂದರೆ ನನಗೋ ಬೇರೆ ವಕೀಲರಿಗೋ ತೋರಿಸದೆ ಸಹಿ ಹಾಕಬಾರದು. ನೀವು ಪೋಷಕರಾಗಿ ಸಹಿ ಮಾಡಿದ್ದರೆ ಮಾತು ಬೇರೆಯಾಗುತ್ತಿತ್ತು, ಮಾಡಿಲ್ಲ ತಾನೇ?

ಬಹುಮಾನದ ಹಣದ ವಿಷಯದಲ್ಲಿ ಅದೇ ವಯಸ್ಸು ಅವನಿಗೆ ಅಡ್ಡಿಯಾಗುವುದಿಲ್ಲ. ತನಗೆ ಬರಬೇಕಾದ ಲಾಭವನ್ನು ಬಾಲಕ ಕೇಳಬಹುದು, ಅವನ ಪರವಾಗಿ ನೀವು ದಾವೆ ಹೂಡಬಹುದು. ಶುಲ್ಕ ಕಟ್ಟಿದ ಯುಪಿಐ ರಸೀದಿ, ಬಹುಮಾನದ ಮೊತ್ತವಿರುವ ಪೋಸ್ಟರ್, ಅಂಕಪಟ್ಟಿ, ಆ ಚೆಕ್ಕಿನ ಹಲಗೆಯ ಫೋಟೊ, ಅಳಿಸುವ ಮೊದಲು ಡಿಸ್ಕಾರ್ಡ್ ಗುಂಪಿನಿಂದ ಯಾರಾದರೂ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್‌ಗಳು, ಇವಿಷ್ಟನ್ನು ಒಟ್ಟುಗೂಡಿಸಿ. ಮೊದಲು ನೋಂದಾಯಿತ ಅಂಚೆಯಲ್ಲಿ ಲಾಯರ್ ನೋಟಿಸು ಕಳುಹಿಸೋಣ. ಸಭಾಂಗಣವನ್ನು ಬಾಡಿಗೆಗೆ ಪಡೆದವರ ಹೆಸರು, ವಿಳಾಸ ಸಭಾಂಗಣದವರ ದಾಖಲೆಯಲ್ಲಿ ಇರುತ್ತದೆ.

ಗಣಿತ ಶಿಕ್ಷಕಿ

ನಾನು ಎಲ್ಲೂ ಸಹಿ ಮಾಡಿಲ್ಲ ಸರ್. ಸಭಾಂಗಣದವರಿಗೆ ಇಂದು ಮಧ್ಯಾಹ್ನ ಫೋನ್ ಮಾಡಿದೆ, ಲಿಖಿತ ಮನವಿ ತಂದರೆ ಬಾಡಿಗೆದಾರರ ವಿವರ ಕೊಡುತ್ತೇವೆ ಎಂದರು. ಉಳಿದ ಮೂವರು ಹುಡುಗರ ತಂದೆತಾಯಿಯರೂ ಭಾನುವಾರ ನಮ್ಮ ಮನೆಗೆ ಬರುತ್ತಿದ್ದಾರೆ. ಮಗ ಒಂದು ಹಾಳೆಯಲ್ಲಿ ಪಂದ್ಯವಾರು ಅಂಕಗಳನ್ನು ಬರೆದು, ಪಕ್ಕದಲ್ಲಿ ಪ್ರತಿಯೊಂದಕ್ಕೂ ಸ್ಕ್ರೀನ್‌ಶಾಟ್‌ನ ಸಂಖ್ಯೆ ಹಾಕುತ್ತ ಕುಳಿತಿದ್ದಾನೆ. ಎರಡು ಪಂದ್ಯಗಳ ಸ್ಕ್ರೀನ್‌ಶಾಟ್ ಸಿಗುತ್ತಿಲ್ಲ. ಆ ಟೂರ್ನಿಯಲ್ಲಿ ಆಡಿದ ಬೇರೆ ತಂಡದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಖಾಸಗಿಯಾಗಿ ಬರೆಯಿರಿ. ನಿಮ್ಮ ಹಣವೂ ಬಂದಿಲ್ಲದಿದ್ದರೆ ನೋಟಿಸಿನಲ್ಲಿ ನಿಮ್ಮ ತಂಡದ ಹೆಸರನ್ನೂ ಸೇರಿಸೋಣ.